ದೋಸೆಗೆ ಹತ್ತಿದ ನೀಲಿ

ಬಳ್ಳಾರಿಗೆ ಜೀನ್ಸ್ ಹೊಲಿಯಲು ಹೋಗುತ್ತಿದ್ದ ನನ್ನ ಗಂಡ ಒಂದು ಸಲ ರಾಯದುರ್ಗದ ಮನೆಗೆ ಎಣ್ಣೆ ಡಬ್ಬಿಯೊಂದನ್ನು ತಂದ. ಒತ್ತಿದರೆ ಸಾಕು, ಬುಸ್ಸೆಂದು ಹೆಂಚಿಗೆ ಮಂಜಿನಂತೆ ಎಣ್ಣೆ ಬೀಳುತ್ತಿತ್ತು. ಅತ್ತೆಗೆ ಸಕ್ಕರೆ ಕಾಯಿಲೆ. ಎಣ್ಣೆ ಕಡಿಮೆ ಮಾಡಿ, ಆದರೆ ಮಾತ್ರೆ ನುಂಗಿದ ಮೇಲೆ ಹೊಟ್ಟೆ ಖಾಲಿ ಬಿಡಬೇಡಿ, ಜೀವಕ್ಕೇ ಕುತ್ತು ಎಂದಿದ್ದರು ಡಾಕ್ಟರು. ಡಬ್ಬಿ ಕೊಟ್ಟು ಮಹಾರಾಯ ಬಳ್ಳಾರಿ ಬಸ್ಸು ಹತ್ತಿದ. ಮನೆಯಲ್ಲಿ ಉಳಿದವರು ನಾವಿಬ್ಬರೇ.

ಅತ್ತೆಯ ಕಣ್ಣಿಗೆ ಪೊರೆ ಬಂದಿತ್ತು. ಅಡುಗೆಮನೆ ಬಾಗಿಲಲ್ಲಿ ಕಾಲು ಚಾಚಿ ಕೂರುತ್ತಿದ್ದರು. ನಾನು ಡಬ್ಬಿ ಒತ್ತಿದ್ದೇ ತಡ, ಸರಕ್ಕನೆ ಕಾಲು ಮಡಚಿಕೊಂಡರು.

"ಒಳಗ ಯಾರದಾರವ್ವ?"

"ನಾನೊಬ್ಳೇ ಕಣತ್ತೆ."

"ಅಲ್ಲ. ಇನ್ನೊಂದೈತಿ."

ಹಾಡುಹಗಲಲ್ಲೇ ಸಂದಿಗೊಂದಿಯನ್ನೆಲ್ಲ ತಡಕಿದೆ. ಜಿರಲೆ ಬಿಟ್ಟರೆ ಏನೂ ಇರಲಿಲ್ಲ. ಅತ್ತೆ ಮಾತ್ರ ದೋಸೆ ಮುಟ್ಟಲಿಲ್ಲ, ಆ ಒಲೆಯ ಮೇಲಿನ ಬೇರೇನನ್ನೂ ಮುಟ್ಟಲಿಲ್ಲ. ಮರುದಿನವೂ ಅದೇ ಹಟ. ಬೈದೆ, ಗೋಗರೆದೆ, ಊಹ್ಞೂಂ. ಮಾತ್ರೆ ನುಂಗಿ ಬೆವರುತ್ತಾ ಕೂತವರು ಹಾಗೇ ಗೋಡೆಗೆ ಒರಗಿಬಿಟ್ಟರು. ಬಾಯಿಗೆ ಸಕ್ಕರೆ ಹಾಕಿ ಎಚ್ಚರಿಸುವಷ್ಟರಲ್ಲಿ ನನ್ನ ಜೀವವೇ ಬಾಯಿಗೆ ಬಂದಿತ್ತು. ಇನ್ನೊಂದು ದಿನ ಹೀಗಾದರೆ ಇವರು ಉಳಿಯುವುದಿಲ್ಲ ಅನ್ನಿಸಿತು.

ಮೂಲೆಗಿಡುವಾಗ ಡಬ್ಬಿ ಕೈತಪ್ಪಿ ಬುಸ್ಸೆಂದಿತು. ಅತ್ತೆಯ ಕಾಲು ಮತ್ತೆ ಮಡಚಿತು. ಆಗ ಹೊಳೆಯಿತು ನನ್ನ ಮಂದ ಬುದ್ಧಿಗೆ. ಮಾವ ಸತ್ತಿದ್ದು ಹಾವು ಕಚ್ಚಿ, ಗುಮ್ಮಘಟ್ಟದ ಕಡೆಯ ಶೇಂಗಾ ಹೊಲದಲ್ಲಿ. ನಾನು ಮದುವೆಯಾಗಿ ಬರುವ ಮೊದಲಿನ ಮಾತು. ಆಗ ಜೊತೆಗಿದ್ದವರು ಅತ್ತೆ ಒಬ್ಬರೇ.

ಡಬ್ಬಿಯನ್ನು ತಿಪ್ಪೆಗೆ ಎಸೆದೆ. ಬಟ್ಟಲಿಗೆ ಗಾಣದ ಶೇಂಗಾ ಎಣ್ಣೆ ನಾಲ್ಕು ಹನಿ ಬಿಟ್ಟುಕೊಂಡೆ. ಕಡ್ಡಿಗೆ ಬಟ್ಟೆ ಸುತ್ತಿ ಅದ್ದಿ ಸವರಿದರೆ ಅಷ್ಟೇ ತೆಳ್ಳಗೆ ಹತ್ತುತ್ತದೆ. ನಾನೂ ಮನೆಯಲ್ಲೇ ಜೀನ್ಸ್ ಜೇಬು ಹೊಲಿಯುತ್ತಿದ್ದೆ, ಕೈಗೆ ಸಿಕ್ಕಿದ್ದು ಹೊಸ ಜೀನ್ಸ್ ಚೂರು. ನನ್ನ ತವರು ಮಡಕಶಿರದ ಕಡೆಯಂತೆ ರಾಗಿ ದೋಸೆ ಹುಯ್ದೆ. ಅತ್ತೆಯ ಕಾಲು ಚಾಚಿಯೇ ಇತ್ತು. ಒಂದು ತಿಂದರು, ಇನ್ನೊಂದು ಕೇಳಿದರು. ಅಬ್ಬಾ, ಗೆದ್ದೆ ಎಂದುಕೊಂಡು ಚಟ್ನಿ ಹಿಡಿದು ಎದುರಿಗೆ ಬಂದೆ.

ಅವರ ತುಟಿ ನೀಲಿಯಾಗಿತ್ತು. ಬೆರಳ ತುದಿಗಳೂ.

"ಅಯ್ಯಯ್ಯೋ! ಅತ್ತೆ, ತುಟಿ ನೀಲಿ ಆಗೈತೆ!"

ಅತ್ತೆ ಅಗಿಯುವುದನ್ನು ನಿಲ್ಲಿಸಿದರು. ಕೂಗಲಿಲ್ಲ, ಗಾಬರಿಯಾಗಲಿಲ್ಲ. ನಿಧಾನವಾಗಿ ಕಾಲು ಮಡಚಿಕೊಂಡು, "ಹೌದೇನ? ಎಲ್ಲಿ ಕಚ್ಚೈತಿ ನೋಡವ್ವ" ಎಂದರು.

ಹೆಂಚಿನ ಪಕ್ಕದ ಜೀನ್ಸ್ ಚೂರು ಆಗ ಕಣ್ಣಿಗೆ ಬಿತ್ತು. ಬಟ್ಟಲಿನ ಎಣ್ಣೆಯೂ ನೀಲಿ. ಕಪ್ಪು ದೋಸೆಯಲ್ಲಿ ಬಣ್ಣ ಕಂಡಿರಲೇ ಇಲ್ಲ, ನನ್ನ ಕರ್ಮ! ಪಕ್ಕದಲ್ಲೇ ಕೂತು ಸೆರಗಿನಿಂದ ತುಟಿ ಒರೆಸಿದೆ.

"ಹೋತೇನ?"

"ಹೋಯ್ತು ಕಣತ್ತೆ. ಬರೀ ಬಟ್ಟೆ ಬಣ್ಣ."

ಅವರು ನನ್ನ ಸೆರಗಿನ ತುದಿಯನ್ನು ಹುಡುಕಿ ಹಿಡಿದುಕೊಂಡರು.

"ಅವ್ರಿಗೂ ನಾ ಹಿಂಗ ಒರೆಸಿದ್ನೆವ್ವ. ಎಷ್ಟು ಒರೆಸಿದ್ರೂ ನೀಲಿ ಹೋಗ್ಲಿಲ್ಲ."

ಹೆಂಚು ತಿಕ್ಕಿ ತೊಳೆದು ಒಲೆಗಿಟ್ಟೆ. ಈರುಳ್ಳಿಯನ್ನು ಅರ್ಧಕ್ಕೆ ಕೊಯ್ದು, ಹೊಸ ಎಣ್ಣೆಯಲ್ಲಿ ಅದ್ದಿ ಉಜ್ಜಿದೆ. ಚುಂಯ್ ಎಂದಿತು. ಅತ್ತೆ ಕಿವಿಗೊಟ್ಟರು.

"ಉಳ್ಳಾಗಡ್ಡಿ" ಎಂದು ತಟ್ಟೆ ಮುಂದೆ ಮಾಡಿದರು.

ಅವತ್ತಿನಿಂದ ಹೊಟ್ಟೆತುಂಬ ತಿಂದರು. ಕಾಲು ಮಾತ್ರ ಮತ್ತೆಂದೂ ಚಾಚಲಿಲ್ಲ.