ಬೋರಣ್ಣ ಮತ್ತು ಸಿದ್ದಮ್ಮನ ಮುದ್ದೆ

ಊಟಕ್ಕೆ ಒಳಗೆ ಹೋಗುವಾಗ ಬೋರಣ್ಣನಿಗೆ ಒಂದೇ ಹೊಟ್ಟೆ ಇರುತ್ತಿತ್ತು. ಹೊರಗೆ ಬರುವಾಗ ಎರಡು. ಎರಡನೆಯದು ಪಂಚೆಯ ಮಡಿಲಲ್ಲಿ, ಸ್ವಲ್ಪ ಎಡಕ್ಕೆ ವಾಲಿಕೊಂಡಿರುತ್ತಿತ್ತು. ಅವನ ಹಿಂದೆ ಅದೇ ಬಗೆಯ ಹೊಟ್ಟೆ ಹೊತ್ತ ಇನ್ನಷ್ಟು ಜನ. ಯಾರೂ ಮಾತಾಡುತ್ತಿರಲಿಲ್ಲ. ಹಿತ್ತಲಲ್ಲಿ ಗುಂಡಿ ತೋಡಿ, ಏನನ್ನೋ ಇಳಿಸಿ, ಮಣ್ಣು ಮುಚ್ಚಿ, ಕೈಮುಗಿದು ಹೋಗುತ್ತಿದ್ದರು. ಗುತ್ತಲು ಬಡಾವಣೆಯ ನಮ್ಮ ಅಡುಗೆಮನೆ ಕಿಟಕಿಯಿಂದ ನಾನು ಕಂಡದ್ದು ಇಷ್ಟೇ. ಉಳಿದದ್ದನ್ನು ಬೀದಿಯವರು ಕಂಡರು.

ಅವರದೊಂದು ಸಣ್ಣ ಪಂಥ. ಸೋಮವಾರ ಮಧ್ಯಾಹ್ನ ಪಕ್ಕದ ಬಾಡಿಗೆ ಮನೆಯಲ್ಲಿ ಸೇರಿ, ಬಾಗಿಲು ಹಾಕಿಕೊಂಡು ಒಟ್ಟಿಗೆ ಉಣ್ಣುವುದೇ ಅವರ ಪೂಜೆ. ಹೊರಗಿನವರನ್ನು ಪಂಕ್ತಿಗೆ ಕರೆಯುತ್ತಿರಲಿಲ್ಲ. ಕರೆಯದ ಕಾರಣ ಬೀದಿಗೆ ಎಲ್ಲವೂ ತಿಳಿದಿತ್ತು. ಹೂಳುತ್ತಿರುವುದು ನಿಧಿ ಎಂದು ಹಾಲಿನವನು, ತಲೆಬುರುಡೆ ಎಂದು ಇಸ್ತ್ರಿಯವನು. "ಎರಡೂ ಅವೆ ಕಣ್ರಲಾ" ಎಂದು ಆ ಮನೆಯ ಮಾಲೀಕ ಮಾದಪ್ಪ.

ಬೋರಣ್ಣ ಕೊತ್ತತ್ತಿಯವನು, ಆಟೋ ಓಡಿಸುತ್ತಿದ್ದ. ಹಾರ್ನು ಕೆಟ್ಟಿದ್ದರಿಂದ ತಿರುವುಗಳಲ್ಲಿ "ಬಂದೆ, ಬಂದೆ" ಎಂದು ಬಾಯಲ್ಲೇ ಕೂಗುತ್ತಿದ್ದ. ರಿಪೇರಿ ಮಾಡಿಸಬಾರದೇ ಎಂದರೆ, "ಆರ್ನು ಒಡುದ್ರೆ ಬೈತಾರೆ ಮೇಷ್ಟ್ರೆ. ಕೂಗುದ್ರೆ ಯಾರೋ ನೆಂಟ ಬಂದ ಅಂತ ನಕ್ಕೊಂಡು ತಿರುಗ್ತಾರೆ" ಎನ್ನುತ್ತಿದ್ದ.

ಮದ್ದೂರಿಗೆ ಅವನ ಆಟೋದಲ್ಲಿ ಹೋಗುತ್ತಿದ್ದಾಗ ಒಮ್ಮೆ ಗುಂಡಿಯ ವಿಷಯ ಕೇಳಿಯೇಬಿಟ್ಟೆ. ಗಾಡಿ ಪಕ್ಕಕ್ಕೆ ನಿಲ್ಲಿಸಿ, ಹಿಂದೆ ಮುಂದೆ ನೋಡಿದ.

"ಮುದ್ದೆ ಕಣ್ ಮೇಷ್ಟ್ರೆ."

ಅವರ ಪಂಥಕ್ಕೆ ಇದ್ದದ್ದು ಒಂದೇ ಕಟ್ಟಳೆ: ಅನ್ನವನ್ನು ಹಳಿಯಬಾರದು. ಉಪ್ಪಿಲ್ಲ ಎನ್ನಬಾರದು, ಮುಖ ಕಿವುಚಬಾರದು, ತಟ್ಟೆಯಲ್ಲಿ ಬಿಡಬಾರದು. ಸೌಟು ಹಿಡಿಯುವುದು ಹಿರಿಯ ಹೆಂಗಸಿನ ಹಕ್ಕು. ಈಗಿನ ಹಿರಿಯಳು ಸಿದ್ದಮ್ಮ. ಹಿಂದೆ ಮುಂದೆ ಯಾರೂ ಇಲ್ಲದೆ ಬೋರಣ್ಣನ ಮನೆಯಲ್ಲೇ ಇದ್ದವಳು. ಕಣ್ಣು ಮಂಜಾದ ಮೇಲೆ ಅವಳ ಮುದ್ದೆ ಹೊರಗೆ ಕಲ್ಲು, ಒಳಗೆ ಹಸಿಹಿಟ್ಟು.

"ನಾಯಿಗಾದರೂ ಹಾಕಬಾರದೇ?"

"ಆಕುದ್ವಿ. ಮೂಸ್ಬುಟ್ಟು ನನ್ ಮಖ ನೋಡ್ತು. ಅವತ್ತಿಂದ ನಮ್ ಬೀದಿಗೇ ಬಂದಿಲ್ಲ."

"ಹಾಗಾದರೆ ಬೇರೆ ಯಾರಾದರೂ ಮಾಡಲಿ."

ಅವನ ನಗು ನಿಂತಿತು. "ಸೌಟು ಕಿತ್ಕಂಡ್ರೆ ಆಯಮ್ಮಂಗೆ ಇನ್ನೇನದೆ ಮೇಷ್ಟ್ರೆ? ತಿಳುದ್ರೆ ಒಂದ್ ದಿನಾನೂ ನಮ್ಮನೇಲಿ ನಿಲ್ಲಾಕಿಲ್ಲ. ಬೀದಿಯೋರು ಏನಾರ ಅಂದ್ಕಳ್ಳಿ. ಹೊರಗಿರೋನ್ಗೆ ಬಾಗ್ಲು ಕಾಣ್ತದೆ, ಒಳಗಿರೋನ್ಗೆ ಮುದ್ದೆ ಕಾಣ್ತದೆ."

ಮುಂದಿನದನ್ನು ನಿಧಾನವಾಗಿ ಹೇಳಬೇಕು. ಒಂದು ಸೋಮವಾರ ಅವರ ಊಟದ ಹೊತ್ತಿಗೇ ಮಾದಪ್ಪ ಪೊಲೀಸಿನವನೊಬ್ಬನನ್ನು ಕರೆದುಕೊಂಡು ಹಿತ್ತಲಿಗೆ ಬಂದ. "ಅಗೀರಿ. ಬುರುಡೆ ಸಿಕ್ಕುದ್ರೆ ಇವತ್ತೇ ಮನೆ ಖಾಲಿ" ಎಂದ. ಬೀದಿಯೆಲ್ಲ ಕಾಂಪೌಂಡಿನ ಮೇಲಿತ್ತು. ಹಾರೆ ಏನಕ್ಕೋ ತಗುಲಿ ಟಣ್ ಎಂದಿತು. ಪೊಲೀಸಿನವನು ಎರಡು ಹೆಜ್ಜೆ ಹಿಂದೆ ಸರಿದ. "ಬುರುಡೆ" ಎಂದ ಮಾದಪ್ಪ, ತೃಪ್ತಿಯಿಂದ. ಮಣ್ಣು ಒರೆಸಿ ನೋಡಿದರೆ ಕಪ್ಪಗೆ, ಗುಂಡಗೆ ಇತ್ತು. ಹಿಂದಿನ ವಾರದ್ದು. ಇರುವೆ ಕೂಡ ಮುಟ್ಟಿರಲಿಲ್ಲ.

ಅಷ್ಟರಲ್ಲಿ ಸಿದ್ದಮ್ಮ ಸೌಟು ಹಿಡಿದೇ ಬಾಗಿಲಿಗೆ ಬಂದಳು. "ಏನ್ಲಾ ಬೋರ, ಏನ್ಲಾ ಸಿಕ್ಕುದ್ದು?"

ನಿಜ ಹೇಳಿದರೆ ಮನೆ ಉಳಿಯುತ್ತಿತ್ತು, ಸಿದ್ದಮ್ಮ ಉಳಿಯುತ್ತಿರಲಿಲ್ಲ. ಬೋರಣ್ಣ ಹಿತ್ತಲಿಗೆ ಇಳಿದು ಆ ಉಂಡೆಯನ್ನು ಎತ್ತಿಕೊಂಡದ್ದನ್ನು ನಾನು ಕಿಟಕಿಯಿಂದ ಕಂಡೆ.

"ಮುದ್ದೆ ಕಣವ್ವ. ನಿನ್ ಮುದ್ದೇನೇ." ಅದನ್ನು ಕಣ್ಣಿಗೊತ್ತಿಕೊಂಡ. "ಭೂಮ್ತಾಯ್ಗೆ ಎಡೆ. ನಿನ್ ಕೈಯ್ದು ಬುಟ್ರೆ ಬ್ಯಾರೆ ಯಾರ್ದೂ ಒಪ್ಪಾಕಿಲ್ಲ ಅವ್ಳು. ಅದ್ಕೆ ನಮ್ ನಮ್ ಪಾಲಲ್ಲೇ ಕೊಡದು."

ಸಿದ್ದಮ್ಮ ಸೌಟನ್ನು ಎದೆಗೊತ್ತಿಕೊಂಡಳು. "ಮೊದ್ಲೇ ಏಳ್ಬಾರ್ದೇನ್ಲಾ? ಇಷ್ಟ್ ದಿನ ಒಟ್ಟೆ ಅಸ್ಕಂಡ್ ಕೊಡ್ತಿದ್ರಾ? ಬರೋ ವಾರದಿಂದ ಎಲ್ರಿಗೂ ಎರಡೆರಡು."

ಪಂಥದವರ ಮುಖಗಳನ್ನು ಒಂದೊಂದಾಗಿ ನೋಡಿದೆ. ಒಬ್ಬರೂ ಕಿವುಚಲಿಲ್ಲ.

ಮುಂದಿನ ವಾರ ಗುಂಡಿಗೆ ಅರಿಸಿನ ಕುಂಕುಮ ಬಿದ್ದಿತ್ತು. ಕಾಯಿ ಹಿಡಿದು ಮೊದಲು ಬಂದವನು ಮಾದಪ್ಪ. ಪ್ರಸಾದ ಬೇಕೆಂದ. ಸಿದ್ದಮ್ಮ ಅವನ ಎರಡೂ ಕೈಗೆ ಒಂದು ಮುದ್ದೆ ಇಟ್ಟು, "ಚೂರೂ ಬುಡ್ಬ್ಯಾಡ ಕಣಪ್ಪ, ಅವ್ಳಿಗೆ ಕ್ವಾಪ ಬತ್ತದೆ" ಎಂದಳು. ಮಾದಪ್ಪ ನಿಂತೇ ತಿಂದ. ಮಾರನೆಯ ದಿನ ಅವನು ಎಲ್ಲೂ ಕಾಣಲಿಲ್ಲ. ಮೈಮೇಲೆ ದೇವರು ಬಂದಿದೆ ಎಂದು ಹಾಲಿನವನು ಹೇಳಿದ.

ಹೋದ ವರ್ಷ ಮಳವಳ್ಳಿಯ ಮಗಳ ಮನೆಗೆ ಹೋದ ಬೋರಣ್ಣ ಅಲ್ಲೇ ಎದೆನೋವಿನಿಂದ ತೀರಿಕೊಂಡ. ತಿಥಿ ಕಳೆದ ಮೇಲಿನ ಸೋಮವಾರ ಸಿದ್ದಮ್ಮ ನನಗೆ ಹೇಳಿಕಳಿಸಿದಳು. ಆ ಬಾಗಿಲನ್ನು ನಾನು ದಾಟಿದ್ದು ಅದೇ ಮೊದಲು. ಒಳಗೆ ಚಾಪೆಗಳು, ಸ್ಟೀಲು ತಟ್ಟೆಗಳು, ನಿಂತುಹೋದ ಗಡಿಯಾರ.

"ಬೋರನ್ ಜಾಗ ಖಾಲಿ ಬುಡಬಾರ್ದು. ಕುಂತ್ಕಳಿ ಮೇಷ್ಟ್ರೆ."

ಮುದ್ದೆ ಇಕ್ಕಿದಳು. ಮುರಿದೆ, ಹುಡಿ ಹಾರಿತು. ಸಾರಿಗೆ ಅದ್ದಿ ಗಂಟಲಿಗೆ ಇಳಿಸಿದೆ, ಮತ್ತೆ ಇಳಿಸಿದೆ. ಹೇಗಿದೆ ಎಂದು ಕೇಳುವ ಪದ್ಧತಿ ಅವರಲ್ಲಿಲ್ಲ. ಅವಳು ಕೇಳಲಿಲ್ಲ. ಸೌಟು ಹಿಡಿದು, ಕಿವಿಯನ್ನು ನನ್ನ ಕಡೆ ಮಾಡಿ ನಿಂತೇ ಇದ್ದಳು.

"ಇನ್ನೊಂದು ಇಕ್ಕವ್ವ" ಎಂದೆ.