ಸಾಕ್ಷಿ ಹೇಳಿದ ಬಾಯಿ

ಆ ಮನುಷ್ಯನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಈಗಲೂ ಅಷ್ಟಕ್ಕಷ್ಟೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯಲ್ಲಿ ಇವಳು ಕರಗಿ ನೀರಾಗಿ ಅವರ ಕಾಲಿಗೆ ಬೀಳುತ್ತಾಳೆಂದು ಯಾರಾದರೂ ಕಾದು ಕೂತರೆ ಅವರಿಗೇ ನಿರಾಸೆ.

ಮೊಳಕಾಲ್ಮೂರಿನ ನಮ್ಮ ಓಣಿಯಲ್ಲಿ ಮನೆಮನೆಗೂ ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವುದು. ನಾವು ನೇಯುತ್ತಿದ್ದ ರೇಷ್ಮೆ ಸೀರೆಗೆ ಇಬ್ಬರು ಬೇಕು. ಒಬ್ಬರು ಒಡಲು ನೇಯುತ್ತಾರೆ, ಇನ್ನೊಬ್ಬರು ಪಕ್ಕದಲ್ಲಿ ಕೂತು ಅಂಚಿನ ಲಾಳಿ ಕೊಡುತ್ತಾರೆ. ನಮ್ಮಲ್ಲಿ ನೇಯುವವಳು ಅವ್ವ, ಲಾಳಿ ಕೊಡುವವಳು ನಾನು. ತಂಗಿ ಆಗಿನ್ನೂ ಶಾಲೆಗೆ ಹೋಗುತ್ತಿದ್ದಳು. ಅವ್ವ ಯೇಸುಸ್ವಾಮಿಯನ್ನು ನಂಬಿದ್ದು ಅಪ್ಪ ತೀರಿಕೊಂಡ ಮೇಲೆ. ನಂಬಿದ್ದೇ ತಡ, ನೆಂಟರು ನಮ್ಮ ಹೊಸ್ತಿಲು ತುಳಿಯುವುದನ್ನು ಬಿಟ್ಟರು, ಸಭೆಯವರೇ ನೆಂಟರಾದರು. ಸಭೆ ಅಂದರೆ ಹೆಂಚು ಹೊದಿಸಿದ ಒಂದು ಉದ್ದ ಕೋಣೆ, ನಾಲ್ಕು ಚಾಪೆ, ಒಂದು ಹಾರ್ಮೋನಿಯಂ ಮತ್ತು ಅಯ್ಯಗಾರು. ಆಂಧ್ರದ ಗಡಿ ಹತ್ತಿರವಾದ್ದರಿಂದ ನಾವು ಬೋಧಕರನ್ನು ಹಾಗೇ ಕರೆಯುತ್ತಿದ್ದೆವು.

ಅಯ್ಯಗಾರು ಗಂಜಿ ಹಾಕಿದ ಬಿಳಿ ಅಂಗಿ ತೊಡುತ್ತಿದ್ದರು. ಪಿಸುಗುಟ್ಟಿದರೂ ಹಿಂದಿನ ಗೋಡೆಗೆ ಕೇಳುವ ಆ ಕೋಣೆಯಲ್ಲಿ ಮೈಕು ಹಿಡಿದು ಗುಡುಗುತ್ತಿದ್ದರು. ಅವರು ತಲೆಯ ಮೇಲೆ ಕೈಯಿಟ್ಟರೆ ಜ್ವರ ಇಳಿಯುತ್ತದೆ, ಮುಟ್ಟಿ ಪ್ರಾರ್ಥಿಸಿದರೆ ಒಣಗಿದ ಎಮ್ಮೆಯೂ ಹಾಲು ಕೊಡುತ್ತದೆ ಎಂದು ಜನ ಹೇಳುತ್ತಿದ್ದರು. ಕೇಳಿ ಕೇಳಿ ಪಾಪ, ಅವರಿಗೂ ಅದು ನಿಜವೆನಿಸಿರಬೇಕು. ಹೊಗಳಿಕೆಗೆ ಉಬ್ಬದವರು ಯಾರು, ಬಿಡಿ.

ತೊಂಬತ್ತರ ದಶಕದ ನಡುವೆ ಅವ್ವನಿಗೆ ಕೆಮ್ಮು ಹಿಡಿಯಿತು. ಸರಕಾರಿ ಆಸ್ಪತ್ರೆಯಲ್ಲಿ ಕಫ ನೋಡಿ ಟೀಬಿ ಎಂದರು, ಮಾತ್ರೆ ಕೊಟ್ಟರು. ಮಾತ್ರೆ ತಿಂದರೆ ಉಚ್ಚೆ ಕೆಂಪಗಾಗುತ್ತಿತ್ತು. ಅವ್ವ ಅದಕ್ಕೇ ಹೆದರಿದಳು, ರಕ್ತವೆಲ್ಲ ಬಸಿದು ಹೋಗುತ್ತಿದೆ ಎಂದಳು. ನಾನು ಗದರಿ ಗದರಿ ನುಂಗಿಸುತ್ತಿದ್ದೆ. ಎರಡು ತಿಂಗಳಾಗುವುದರೊಳಗೆ ಕೆಮ್ಮು ತಗ್ಗಿತು, ಮುಖಕ್ಕೆ ಕಳೆ ಬಂತು, ಮತ್ತೆ ಗುಂಡಿಗೆ ಇಳಿದು ನೇಯತೊಡಗಿದಳು. ಅಯ್ಯಗಾರು ಆ ಎರಡು ತಿಂಗಳೂ ಮನೆಗೆ ಬಂದು ಪ್ರಾರ್ಥನೆ ಮಾಡಿದ್ದರು. ಗೆದ್ದೆತ್ತಿನ ಬಾಲ ಹಿಡಿಯುವವರಿಗೇನು ಕಡಿಮೆ? ಮಾತ್ರೆಯ ಮಾತು ಯಾರೂ ಎತ್ತಲಿಲ್ಲ.

ನಮ್ಮ ಸಭೆಯಲ್ಲಿ ಒಂದು ಪದ್ಧತಿ. ಭಾನುವಾರ ಹಾಡು ಮುಗಿದ ಮೇಲೆ, ದೇವರಿಂದ ಉಪಕಾರವಾದವರು ಎದ್ದು ನಿಂತು ಸಾಕ್ಷಿ ಹೇಳಬೇಕು. ಹೇಳಿದ ಸಾಕ್ಷಿಯನ್ನು ಹಿಂದಕ್ಕೆ ಪಡೆಯುವಂತಿಲ್ಲ. ಪಡೆದರೆ ದೇವರನ್ನೇ ಸುಳ್ಳುಗಾರ ಮಾಡಿದಂತೆ. ಅವ್ವ ಎದ್ದು, ಸ್ವಾಮಿ ನನ್ನ ರೋಗ ತೆಗೆದುಹಾಕಿದ ಎಂದಳು. ಎಲ್ಲರೂ ಸ್ತೋತ್ರ ಸ್ತೋತ್ರ ಎಂದರು. ಹೊರಗೆ ಚಪ್ಪಲಿ ಮೆಟ್ಟುವಾಗ ನಾನು ಅಯ್ಯಗಾರನ್ನು ಕೇಳಿದೆ, ಮಾತ್ರೆ ಇನ್ನೂ ನಾಲ್ಕು ತಿಂಗಳಿದೆಯಲ್ಲ ಎಂದು. ಅವರು ನನ್ನತ್ತ ತಿರುಗದೆ ಅವ್ವನಿಗೇ ಹೇಳಿದರು.

"ಸಾಕ್ಷಿ ಹೇಳಿದ ಬಾಯಿಗೆ ಮಾತ್ರೆ ಹಾಕ್ಬಾರ್ದಮ್ಮ. ಹಾಕಿದ್ರೆ ಅಪನಂಬಿಕೆ ಆಗ್ತೈತೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವ್ವನ ಬಾಯಿ ಆವತ್ತೇ ಮುಚ್ಚಿತು. ರೋಗ ಮರಳಿ ಬಂದಾಗಲೂ ತೆರೆಯಲಿಲ್ಲ. ನಾನು ಅತ್ತೆ, ಬೈದೆ, ರಾಗಿ ಅಂಬಲಿಯಲ್ಲಿ ಮಾತ್ರೆ ಅರೆದು ಕಲಸಿದೆ. ಕಹಿ ಹತ್ತಿದ ಕೂಡಲೇ ಅವ್ವ ಬಟ್ಟಲನ್ನು ದೂಡಿದಳು. ಮುಂದಿನ ಬೇಸಿಗೆಗೆ ಹೋಗಿಬಿಟ್ಟಳು. ಮಗ್ಗದ ಮೇಲೆ ಅರ್ಧ ಸೀರೆ ಇತ್ತು.

ಮಣ್ಣು ಮಾಡುವಾಗ ಅಯ್ಯಗಾರು ಪುಸ್ತಕ ಬಿಚ್ಚಿ ಓದಲು ನಿಂತರು. ನನ್ನ ಮೈಯೆಲ್ಲ ಉರಿದುಹೋಯಿತು. ಆಯ್ತಲ್ಲ ನಿನ್ನ ಅದ್ಭುತ, ಇನ್ನು ನಡಿ ಇಲ್ಲಿಂದ ಎಂದೆ. ಹಿರಿಯರನ್ನು ಏಕವಚನದಲ್ಲಿ ಕರೆದದ್ದು ಜೀವನದಲ್ಲಿ ಅದೇ ಮೊದಲು. ಅವರು ಪುಸ್ತಕ ಮುಚ್ಚಿದರು. ಆ ವಾರವೇ ಊರು ಬಿಟ್ಟರು. ಚಳ್ಳಕೆರೆಯಲ್ಲಿ ಯಾವುದೋ ಎಣ್ಣೆ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದಾರೆಂದು ಆಮೇಲೆ ಗೊತ್ತಾಯಿತು. ಹೊರಲಿ ಬಿಡು ಎಂದುಕೊಂಡೆ. ಸಂತೋಷವೇ ಆಯಿತು, ಸುಳ್ಳು ಯಾಕೆ ಹೇಳಲಿ.

ಅವರು ಹೋದ ಮೇಲೆ ಸಭೆಯನ್ನು ನಡೆಸಿದವರು ಒಬ್ಬ ಹಿರಿಯರು, ಪೇಟೆಯಲ್ಲಿ ಕಿರಾಣಿ ಅಂಗಡಿ ಇದ್ದವರು. ಅಯ್ಯಗಾರ ಮಾನ, ಸಭೆಯ ಮಾನ ಎರಡೂ ಉಳಿಯಬೇಕಿತ್ತಲ್ಲ, ಅದಕ್ಕೆ ಅವರೊಂದು ದಾರಿ ಕಂಡುಕೊಂಡರು. ಅವ್ವನ ನಂಬಿಕೆ ಕೊನೆಗಾಲದಲ್ಲಿ ಅಲುಗಾಡಿತಂತೆ, ಕದ್ದು ಮಾತ್ರೆ ತಿಂದಳಂತೆ, ಅದಕ್ಕೇ ದೇವರು ಕೈಬಿಟ್ಟನಂತೆ. ಸತ್ತವಳು ಎದ್ದು ಬಂದು ಇಲ್ಲವೆನ್ನಲಾರಳು. ನಾನು ಸಭೆಯ ಕಡೆ ತಲೆಹಾಕುವುದನ್ನೇ ಬಿಟ್ಟೆ. ತಂಗಿ ಬಿಡಲಿಲ್ಲ. ಆ ಮಾತನ್ನು ಕೇಳುತ್ತಲೇ ಬೆಳೆದಳು. ನಾನು ಅವ್ವನ ಜಾಗದಲ್ಲಿ ನೇಯಲು ಕೂತೆ, ಅವಳು ನನ್ನ ಜಾಗದಲ್ಲಿ ಲಾಳಿಗೆ ಕೂತಳು.

ಕೆಲವು ವರ್ಷ ಹೀಗೇ ಕಳೆದ ಮೇಲೆ ಒಂದು ದಿನ ಪಕ್ಕದಿಂದ ಅದೇ ಕೆಮ್ಮು ಕೇಳಿಸಿತು. ನನ್ನ ಕೈಯಲ್ಲಿದ್ದ ಲಾಳಿ ಗುಂಡಿಗೆ ಬಿತ್ತು.

ಈ ಸಲ ಕಾಲ ಬದಲಾಗಿತ್ತು. ಅಂಗನವಾಡಿ ಮೇಡಂ ಎದುರಿಗೇ ಮಾತ್ರೆ ನುಂಗಬೇಕು, ಅವರು ನೋಡಬೇಕು. ಎರಡು ತಿಂಗಳು ತಂಗಿ ಸರಿಯಾಗಿ ಹೋದಳು. ಕೆಮ್ಮು ನಿಂತಿತು, ಕೆನ್ನೆ ತುಂಬಿಕೊಂಡಿತು. ಆಮೇಲೆ ಒಂದು ಸಂಜೆ ನೂಲು ಸುತ್ತುತ್ತಾ, ಈ ಭಾನುವಾರ ಸಾಕ್ಷಿ ಹೇಳುತ್ತೇನೆ ಅಕ್ಕ, ಇನ್ನು ಮಾತ್ರೆ ಬೇಡ ಎಂದಳು. ನಾನು ರೇಗಿದೆ. ಎಳೆ ಹರಿದರೆ ಮಗ್ಗ ನಿಲ್ಲಿಸಿ ಗಂಟು ಹಾಕುತ್ತೀಯೋ, ಇಲ್ಲಾ ಸ್ತೋತ್ರ ಅಂತ ಮುಂದಕ್ಕೆ ನೇಯುತ್ತೀಯೋ ಎಂದು ಕೂಗಾಡಿದೆ. ಅವಳು ಕೂಗಾಡಲಿಲ್ಲ.

"ಅವ್ವ ನಡುವೆ ಹೆದರಿಬಿಟ್ಲು ಕಣಕ್ಕ. ನಾನು ಹೆದರಲ್ಲ. ನಮ್ಮ ಮನೇಲೂ ನಂಬಿಕೆ ಐತೆ ಅಂತ ಎಲ್ಲಾರಿಗೂ ಗೊತ್ತಾಗ್ಲಿ."

ಆಗ ನನಗೆ ಅರ್ಥವಾಯಿತು. ಕಳೆದುಹೋಗಿದ್ದ ಮಾನವನ್ನು, ಅವ್ವನ ಮಾನವನ್ನು, ಅವಳು ತನ್ನ ಪ್ರಾಣ ಒತ್ತೆಯಿಟ್ಟು ಬಿಡಿಸಿಕೊಳ್ಳಲು ಹೊರಟಿದ್ದಳು. ಡಾಕ್ಟರು ಹೇಳಿದರೂ ಕೇಳುವವಳಲ್ಲ, ನಾನಂತೂ ಅವಳ ಲೆಕ್ಕದಲ್ಲಿ ಸಭೆ ಬಿಟ್ಟವಳು. ಅವ್ವ ಕೊನೆಯವರೆಗೂ ಮಾತ್ರೆಗೆ ಬಾಯಿ ತೆರೆಯಲಿಲ್ಲವೆಂದು ಅವಳು ನಂಬುವಂತೆ ಹೇಳಬಲ್ಲವರು ಒಬ್ಬರೇ ಇದ್ದರು. ಹೇಳಿದರೆ ಆ ಮನುಷ್ಯನ ಬಾಯಿಂದಲೇ ಬರಬೇಕಿತ್ತು. ಎಂಥ ಕರ್ಮ ನೋಡಿ.

ಮರುದಿನ ಬೆಳಗಿನ ಬಸ್ಸು ಹತ್ತಿದೆ. ಹಾನಗಲ್, ತಳಕು ದಾಟಿ ಚಳ್ಳಕೆರೆಯವರೆಗೂ ಬಾಯಲ್ಲಿ ಬೈಗುಳ ಜೋಡಿಸಿಕೊಳ್ಳುತ್ತಾ ಹೋದೆ. ಮಿಲ್ಲಿನ ಅಂಗಳದಲ್ಲಿ ಶೇಂಗಾ ಹಿಂಡಿಯ ವಾಸನೆ ಗಂಟಲಿಗೆ ಕೂರುತ್ತಿತ್ತು. ಅಯ್ಯಗಾರು ಹಮಾಲರ ಜೊತೆ ನೆರಳಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದರು. ಗಂಜಿ ಅಂಗಿ ಇರಲಿಲ್ಲ. ಎಣ್ಣೆ ಕುಡಿದು ಬಣ್ಣ ಕಳೆದುಕೊಂಡ ಬನಿಯನ್ನು. ನನ್ನನ್ನು ಕಂಡು ಎದ್ದು ನಿಂತರು. ಜೊತೆಯವರು ಯಾಕೋ ಅವರನ್ನು ನೋಡಿ ತಾವೂ ಎದ್ದರು. ಆ ಸಣ್ಣ ಗೌರವವನ್ನೂ ನನಗೆ ಸಹಿಸಲಾಗಲಿಲ್ಲ.

ಅವರೆದುರೇ ಎಲ್ಲವನ್ನೂ ಹೇಳಿದೆ. ನಮ್ಮವ್ವನನ್ನು ಕೊಂದೆ, ಈಗ ತಂಗಿ ಸಾಯಲು ಹೊರಟಿದ್ದಾಳೆ, ಅವ್ವನ ಮೇಲೆ ನಿನ್ನ ಸಭೆಯವರು ಹೊರಿಸಿದ ಅಪವಾದ ಇದು, ಉಗುಳಿದ್ದನ್ನು ಬಂದು ನೀನೇ ನೆಕ್ಕು ಎಂದೆ. ಹಮಾಲರಲ್ಲೊಬ್ಬ ನನ್ನ ಮೇಲೆ ಎಗರಲು ಬಂದ. ಅಯ್ಯಗಾರು ಅವನ ತೋಳು ಹಿಡಿದು ಕೂರಿಸಿದರು, ಆ ಯಮ್ಮ ಹೇಳ್ತಿರೋದು ನಿಜ ಎಂದರು. ಸಮಜಾಯಿಷಿ ಕೊಟ್ಟಿದ್ದರೆ ನನಗೆ ಜಗಳಕ್ಕೆ ದಾರಿಯಾಗುತ್ತಿತ್ತು. ಕೊಡಲಿಲ್ಲ. ಅವ್ವನ ಮೇಲೆ ಬಂದ ಮಾತು ಅವರಿಗೆ ಗೊತ್ತೇ ಇರಲಿಲ್ಲ. ಕೇಳಿ, ಬಿಚ್ಚಿದ್ದ ಬುತ್ತಿಯನ್ನು ಹಾಗೇ ಕಟ್ಟಿಟ್ಟರು.

"ಸ್ವಾಮೀ, ನನ್ನ ನಾಲಿಗೆ ಕಿತ್ಕಂಡುಬಿಡು ಅಂತ ದಿನಾ ಬೇಡ್ಕಂತಿದ್ದೆ ಕಣಮ್ಮ. ಕಿತ್ಕಣ್ಲಿಲ್ಲ. ಇದನ್ನ ಹೇಳ್ಲಿ ಅಂತ್ಲೇ ಉಳಿಸಿರ್ಬೇಕು. ಬರ್ತೀನಿ ನಡೀರಿ."

ನನಗೆ ಅದು ಬೋಧಕರ ಬಣ್ಣದ ಮಾತಿನಂತೆಯೇ ಕೇಳಿಸಿತು. ಬರುವುದಿಲ್ಲವೆಂದೇ ಅಂದುಕೊಂಡು ಬಸ್ಸು ಹತ್ತಿದೆ.

ಭಾನುವಾರ ಬಂದರು. ಚಾಪೆಯ ಮೇಲೆ ಕೂರದೆ ಬಾಗಿಲ ಹೊರಗೆ, ಚಪ್ಪಲಿ ಬಿಡುವ ಕಡೆ ನಿಂತರು. ವರ್ಷಗಳ ಮೇಲೆ ನಾನೂ ಆ ಕೋಣೆಯೊಳಗೆ ಕಾಲಿಟ್ಟಿದ್ದೆ. ಹಾಡು ಮುಗಿಯಿತು. ತಂಗಿ ಸೆರಗು ಸರಿಮಾಡಿಕೊಂಡು ಏಳುವಷ್ಟರಲ್ಲಿ ಅವರು ಬಾಗಿಲಿಂದಲೇ, ತನಗೊಂದು ಸಾಕ್ಷಿ ಹೇಳುವುದಿದೆ, ಮೊದಲು ಹೇಳಬಹುದಾ ಎಂದು ಕೇಳಿದರು. ಜನಕ್ಕೆ ಹಿಗ್ಗೋ ಹಿಗ್ಗು. ಹಳೆಯ ಅಯ್ಯಗಾರು, ಹಳೆಯ ಅದ್ಭುತಗಳು! ಅಂಗಡಿಯ ಹಿರಿಯರು ಮೈಕನ್ನೇ ಚಾಚಿದರು. ಅಯ್ಯಗಾರು ಮುಟ್ಟಲಿಲ್ಲ.

ಅಲ್ಲಿ ನಿಂತೇ ಹೇಳಿದರು. ತಂಗಿಯನ್ನು ತೋರಿಸಿ, ಇವರ ತಾಯಿ ನಾಲ್ಕು ತಿಂಗಳ ಮಾತ್ರೆ ಬಿಟ್ಟದ್ದು ತನ್ನ ಮಾತಿನಿಂದ ಎಂದರು. ಆ ಮಾತು ಯಾವ ದೇವರೂ ತನಗೆ ಕೊಟ್ಟದ್ದಲ್ಲ, ಚಪ್ಪಾಳೆಯ ಆಸೆಗೆ ತಾನೇ ಹುಟ್ಟಿಸಿಕೊಂಡದ್ದು ಎಂದರು. ಆ ತಾಯಿ ನರಳುತ್ತಿದ್ದಾಗ ಮಾತ್ರೆ ತಿನ್ನಿ ಎಂದು ಹೇಳಲು ಬಾಗಿಲವರೆಗೆ ಬಂದು, ಮರ್ಯಾದೆಗೆ ಅಂಜಿ ತಿರುಗಿ ಹೋದೆ ಎಂದರು. ಅದು ನನಗೂ ಗೊತ್ತಿರಲಿಲ್ಲ. ಬಾಗಿಲವರೆಗೆ ಬಂದಿದ್ದನಂತೆ! ಎದ್ದು ಹೋಗಿ ಕೆನ್ನೆಗೆ ಬಾರಿಸಬೇಕೆನಿಸಿತು. ತಂಗಿಯ ಮುಖ ನೋಡಿ ಹಲ್ಲು ಕಚ್ಚಿ ಕೂತೆ.

ಅಂಗಡಿಯ ಹಿರಿಯರು, ದೇವರ ಹೆಸರಿಗೆ ಮಸಿ ಬಳಿಯಬೇಡಿ, ಬಾಯಿ ಮುಚ್ಚಿ ಎಂದು ಅಬ್ಬರಿಸಿದರು. ಅಯ್ಯಗಾರು ಅವರಿಗೆ ಕೈಮುಗಿದರೇ ಹೊರತು ನಿಲ್ಲಿಸಲಿಲ್ಲ. ತಂಗಿ, ಹಾಗಾದರೆ ನಮ್ಮವ್ವ ಕದ್ದು ಮಾತ್ರೆ ತಿನ್ನಲಿಲ್ಲವಾ ಎಂದು ಕೇಳಿದಳು.

"ಇಲ್ಲ ಕಣಮ್ಮ. ಅವರು ಅಲುಗಾಡ್ಲಿಲ್ಲ. ಅಲುಗಾಡಿದ್ರೆ ಬದುಕ್ತಿದ್ರು. ಅವರ ನಂಬಿಕೇಲಿ ತಪ್ಪಿರ್ಲಿಲ್ಲ, ನನ್ನ ಮಾತಲ್ಲಿತ್ತು."

ಜನ ಒಬ್ಬೊಬ್ಬರಾಗಿ ಎದ್ದು ಹೊರಡತೊಡಗಿದರು. ಅಂಗಡಿಯ ಹಿರಿಯರು ಹಾರ್ಮೋನಿಯಂ ತನ್ನದೆಂದು ಎತ್ತಿಕೊಂಡೇ ಹೋದರು. ತಂಗಿ ಸಾಕ್ಷಿ ಹೇಳಲಿಲ್ಲ. ಮನೆಗೆ ಬಂದು ಮುಸುಕು ಹೊದ್ದು ಮಲಗಿ ಅತ್ತಳು. ಅವ್ವ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಅಂಗನವಾಡಿಗೆ ಹೋಗಿ ಮಾತ್ರೆ ನುಂಗಿ ಬಂದಳು. ನಾನು ಅವಳ ಹಿಂದೆಯೇ ಹೋಗಿ ಕಿಟಕಿಯಿಂದ ನೋಡಿದೆ.

ಮಾತ್ರೆ ಮುಗಿಯಿತು. ಕಫ ನೋಡಿ, ಏನೂ ಇಲ್ಲ ಎಂದರು. ಅಷ್ಟು ದಿನವೂ ಅಯ್ಯಗಾರು ಭಾನುವಾರ ಬಿಡದೆ ಬಸ್ಸಿನಲ್ಲಿ ಬರುತ್ತಿದ್ದರು, ಕಸ ಗುಡಿಸುತ್ತಿದ್ದರು, ಬಾಗಿಲ ಬಳಿ ಕೂರುತ್ತಿದ್ದರು. ಕಾಯಿಲೆಯವರು ಪ್ರಾರ್ಥನೆಗೆ ಬಂದರೆ ಪ್ರಾರ್ಥಿಸಿ, ತಾವೇ ಜೊತೆಗೆ ನಡೆದು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುತ್ತಿದ್ದರು. ಉಳಿದಿದ್ದ ಬೆರಳೆಣಿಕೆಯ ಮನೆಗಳವರು ಅವರನ್ನೇ ಮತ್ತೆ ಸಭೆ ನಡೆಸಲು ಕೇಳಿದರು. ಅವರು ನಮ್ಮ ಮನೆಯ ಕಡೆ ಕೈ ತೋರಿಸಿದರಂತೆ, ಆ ಯಮ್ಮ ಬೇಡ ಅಂದರೆ ಬೇಡ ಎಂದರಂತೆ.

ಒಂದು ಮಧ್ಯಾಹ್ನ ಬಂದು ಹೊಸ್ತಿಲಾಚೆ ನಿಂತರು. ನಾನು ಮಗ್ಗದ ಗುಂಡಿಯಿಂದ ಏಳಲೇ ಇಲ್ಲ. ತಂಗಿ ಒಳಗಿಂದ ನನ್ನನ್ನೇ ದಿಟ್ಟಿಸುತ್ತಿದ್ದಳು. ನಾನು ನೇಯುತ್ತಲೇ ಹೇಳಿದೆ.

"ನಡೆಸ್ಕಳ್ರಿ. ಆದ್ರೆ ನಾನು ನಿಮ್ಮನ್ನ ಕ್ಷಮಿಸಿಲ್ಲ, ಕ್ಷಮಿಸೋದೂ ಇಲ್ಲ."

"ಅದಕ್ಕೇ ಬಂದೀನಿ ಕಣಮ್ಮ. ನೀವು ಭಾನುವಾರ ಬಂದು ಮುಂದ್ಗಡೆ ಕೂತ್ಕಳ್ರಿ. ನನ್ನ ಬಾಯಿ ಮತ್ತೆ ದೊಡ್ಡದಾದ್ರೆ ಎದ್ದು ನಿಲ್ರಿ. ಕ್ಷಮಿಸಿದೋರು ಎದ್ದು ನಿಲ್ಲಲ್ಲ."

ದೇವರಿಗಾಗಿ ಹೋದೆನೆಂದು ಹೇಳಲಾರೆ. ಕಾವಲಿಗೆ ಹೋದೆ. ಮುಂದಿನ ಚಾಪೆಯಲ್ಲಿ, ಅವರ ಕಣ್ಣಿಗೆ ನೇರ ಬೀಳುವ ಹಾಗೆ ಕೂತೆ. ಅವರು ಮೈಕು ತೆಗೆದಿರಿಸಿ ಚಾಪೆಯ ಮೇಲೆಯೇ ಕೂತು ಮಾತಾಡುತ್ತಿದ್ದರು. ವಾರಗಟ್ಟಲೆ, ವರ್ಷಗಟ್ಟಲೆ ನನಗೆ ಏಳುವ ಕೆಲಸ ಬೀಳಲಿಲ್ಲ.

ಒಂದೇ ಒಂದು ಸಲ ಬಿತ್ತು. ಎಳೆ ಬಾಣಂತಿಯೊಬ್ಬಳು ಜ್ವರದ ಮಗುವನ್ನು ತಂದು ಅವರ ಮಡಿಲಿಗೆ ಹಾಕಿದಳು. ಕೈಯಿಟ್ಟು ಪ್ರಾರ್ಥಿಸಿದರು. ಮಗು ಕಣ್ಣು ಬಿಟ್ಟು ನಕ್ಕಿತು. ಜನ ಸ್ತೋತ್ರ ಎಂದರು. ಆ ಹಳೆಯ ಗುಡುಗು ಗಂಟಲಿಗೆ ಬಂದೇಬಿಟ್ಟಿತು. ಹೆದರ್ಬೇಡಮ್ಮ, ನಿನ್ನ ಮಗೂಗೆ ಇನ್ನೇನೂ ಎಂದು ಶುರುಮಾಡಿದರು. ನಾನು ಎದ್ದು ನಿಂತೆ. ಅವರು ನನ್ನನ್ನು ನೋಡಿದರು. ಮಾತು ಅಲ್ಲಿಗೇ ನಿಂತಿತು. ಮಗುವನ್ನು ಎದೆಗೆ ಅವಚಿಕೊಂಡು, ಸಭೆ ಅರ್ಧಕ್ಕೇ ಬಿಟ್ಟು, ಆಸ್ಪತ್ರೆಗೆ ಹೋಗೋಣ ನಡಿಯಮ್ಮ ಎಂದು ಹೊರಟರು. ಹೊಸ್ತಿಲಲ್ಲಿ ಕ್ಷಣ ನಿಂತು ನನ್ನ ಕಡೆ ತಿರುಗಿ ತಲೆ ಬಗ್ಗಿಸಿದರು.

ಅವರು ಆಸ್ಪತ್ರೆಯಿಂದ ತಿರುಗಿ ಬರುವವರೆಗೂ ಯಾರೂ ಕದಲಲಿಲ್ಲ. ನಾನೂ ಕೂರಲಿಲ್ಲ.