ಪಾಳುಬಾವಿಯ ತಳದಿಂದ ಓದಿದ ವೇದಪಾಠ

ನಮ್ಮ ಸಭೆಯ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನನ್ನ ಮಗಳು ಪ್ರೇಮಳಿಗೆ ಇನ್ನೂ ಮೂರು ವರ್ಷ ತುಂಬದಿದ್ದಾಗ ಒಂದು ಮಧ್ಯಾಹ್ನ ನಾನು ಪಾಳುಬಾವಿಯೊಳಗೆ ಬಿದ್ದೆ. ಅವಳು ಮೇಲೆ, ಆ ಬಾವಿಯ ಅಂಚಿನ ಹತ್ತಿರ, ಒಬ್ಬಳೇ ಉಳಿದಳು. ಇದನ್ನು ಬರೆಯಲು ಕೂತು ಎಷ್ಟೋ ಸಲ ಎದ್ದು ಹೋಗಿದ್ದೇನೆ. ಈಗ ಅವಳು ಶಾಲೆಗೆ ಹೋಗುತ್ತಾಳೆ. ದೇವರು ಮಾಡಿದ್ದನ್ನು ಹೇಳದೆ ಇಟ್ಟುಕೊಳ್ಳುವುದು ಸರಿಯಲ್ಲವೆಂದು ಬರೆಯುತ್ತಿದ್ದೇನೆ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳು. ಬಿಸಿಲು ಆಗಲೇ ಸುಡುತ್ತಿತ್ತು. ತ್ಯಾಗರಾಜನಗರದ ಕೊನೆಯ ಸಾಲಿನಲ್ಲಿ ನಮ್ಮ ಬಾಡಿಗೆ ಮನೆ. ಯಜಮಾನರು ಕಾರ್ಖಾನೆಯಲ್ಲಿ ಫಿಟ್ಟರ್. ಬೆಳಿಗ್ಗೆ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಮನೆಯಲ್ಲಿ ನಾನು, ಮಗು, ಮಂಡಿನೋವಿನ ನಮ್ಮ ಅತ್ತೆ. ನಮಗೆ ಹಾಲು ಹಾಕುತ್ತಿದ್ದ ಕತ್ರಿಗುಪ್ಪೆಯ ಮುನಿಯಮ್ಮ ಕೆಲವು ದಿನಗಳಿಂದ ಬಂದಿರಲಿಲ್ಲ. ಅವಳಿಗೆ ಜ್ವರವೆಂದು ಯಾರೋ ಹೇಳಿದರು. ನೋಡಿಕೊಂಡು ಬರೋಣವೆಂದು ಊಟವಾದ ಮೇಲೆ ಒಂದಿಷ್ಟು ಬ್ರೆಡ್ಡು ಕಟ್ಟಿಕೊಂಡು, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೊರಟೆ.

"ಬಿಸಿಲಿಳಿದ ಮೇಲೆ ಹೋಗಬಾರ್ದಾ ತಾಯಿ?" ಎಂದರು ಅತ್ತೆ.

"ಅಷ್ಟೊತ್ತಿಗೆ ಅವ್ರು ಬಂದ್ಬಿಡ್ತಾರೆ ಅತ್ತೆ. ಬೇಗ ಬಂದ್ಬಿಡ್ತೀನಿ," ಎಂದೆ.

ಕತ್ರಿಗುಪ್ಪೆಗೆ ಆಗ ಸರಿಯಾದ ರಸ್ತೆ ಇರಲಿಲ್ಲ. ಬಡಾವಣೆ ಮಾಡುತ್ತಾರೆಂದು ಎಷ್ಟೋ ಹೊಲಗಳಲ್ಲಿ ಉಳುಮೆ ನಿಂತುಹೋಗಿತ್ತು. ಅಲ್ಲಲ್ಲಿ ಗುರುತಿನ ಕಲ್ಲು ನೆಟ್ಟಿದ್ದರು. ಮನೆ ಇನ್ನೂ ಬಂದಿಲ್ಲ, ಬೇಸಾಯ ಹೋಗಿದೆ. ಹಾಗಾಗಿ ಆ ಕಡೆ ನರಮನುಷ್ಯರ ಸುಳಿವೇ ಇರಲಿಲ್ಲ. ಅರ್ಧ ದಾರಿಯಲ್ಲಿ ಒಂದು ಹೊಂಗೆಮರ ಸಿಕ್ಕಿತು. ಮಗುವನ್ನು ನೆರಳಿನಲ್ಲಿ ಇಳಿಸಿ ಸುಧಾರಿಸಿಕೊಂಡೆ. ಸ್ವಲ್ಪ ಆಚೆ ತಂಗಡಿ ಗಿಡ ಹಳದಿ ಹೂ ಬಿಟ್ಟು ನಿಂತಿತ್ತು. "ಅಮ್ಮಾ, ಹೂವು!" ಎಂದಳು ಪ್ರೇಮ. ಕಿತ್ತುಕೊಡೋಣವೆಂದು ಹೋದೆ. ಗಿಡದ ಸುತ್ತ ಒಣಹುಲ್ಲು ಎದೆಯೆತ್ತರ ಬೆಳೆದಿತ್ತು. ಕೈಚಾಚಿ ಒಂದು ಹೆಜ್ಜೆ ಮುಂದಿಟ್ಟೆ. ಕಾಲ ಕೆಳಗಿನ ಮಣ್ಣು ಕುಸಿಯಿತು.

ಬಿದ್ದದ್ದು ನೆನಪಿಲ್ಲ. ಕಣ್ಣು ಬಿಟ್ಟಾಗ ಎದೆಮಟ್ಟ ನೀರಿನಲ್ಲಿ ಇದ್ದೆ. ಯಾವುದೋ ಹಳೆಯ ತೋಟದ ಬಾವಿ. ಮೇಲೆ ಕಟ್ಟೆಯಿಲ್ಲ, ಒಳಗೆ ಮೆಟ್ಟಿಲಿಲ್ಲ. ಬಲಗಾಲನ್ನು ಊರಿದರೆ ನೋವು ನೆತ್ತಿಗೆ ಹೊಡೆಯುತ್ತಿತ್ತು. ಗೋಡೆಯ ಬಿರುಕಿನಿಂದ ಇಳಿದಿದ್ದ ಒಂದು ಬೇರನ್ನು ಹಿಡಿದು ಒಂಟಿಕಾಲಿನಲ್ಲಿ ನಿಂತೆ. ತಲೆಯೆತ್ತಿದರೆ ಎರಡಾಳಿಗಿಂತ ಎತ್ತರದಲ್ಲಿ ಆಕಾಶದ ಒಂದು ಬಿಲ್ಲೆ.

ಮೊದಲು ಪ್ರಾಣ ಉಳಿಯಿತಲ್ಲ ಎಂದುಕೊಂಡೆ. ಮರುಕ್ಷಣವೇ ಮೇಲಿನಿಂದ ದನಿ ಕೇಳಿಸಿತು.

"ಅಮ್ಮಾ? ಎಲ್ಲಿದೀಯಾ ಅಮ್ಮಾ?"

"ಬರ್ಬೇಡ ಪಾಪು! ಅಲ್ಲೇ ನಿಂತ್ಕೊ! ಬರ್ಬೇಡ!" ಎಂದು ಚೀರಿದೆ.

ಅದೇ ತಪ್ಪಾಯಿತು. ಅಮ್ಮನ ದನಿ ಬಂದ ಕಡೆಗೆ ಮಗು ಬರದೆ ಇರುತ್ತದೆಯೇ? ಹುಲ್ಲು ಸರಸರನೆ ಸರಿಯಿತು. ಅಂಚಿನ ಮಣ್ಣು ಉದುರಿ ನನ್ನ ಮುಖದ ಮೇಲೆ ಬಿತ್ತು. ಬಿಸಿಲಿಗೆ ಅಡ್ಡವಾಗಿ ಅವಳ ಪುಟ್ಟ ತಲೆ ಕಾಣಿಸಿತು. ನಾನು ಬೈದರೆ ಅಳುತ್ತಾಳೆ, ಅತ್ತರೆ ಇನ್ನೂ ಮುಂದಕ್ಕೆ ಬರುತ್ತಾಳೆ. ಸುಮ್ಮನಾದರೆ ಹುಡುಕಿಕೊಂಡು ಬರುತ್ತಾಳೆ. ಸಹಾಯಕ್ಕೆ ಕೂಗಿಕೊಂಡರೂ ಹೆದರಿ ನನ್ನ ಕಡೆಗೇ ಬರುತ್ತಾಳೆ. ಏನು ಮಾಡಿದರೂ ನನ್ನ ಮಗು ನನ್ನ ಕಣ್ಣೆದುರಿಗೇ ಬೀಳುತ್ತದೆ ಎಂದು ಗೊತ್ತಾದಾಗ ಆದ ಹೆದರಿಕೆ ಎಂಥದ್ದೆಂದು ನಾನು ಬರೆಯಲಾರೆ. ಪ್ರಾರ್ಥನೆ ಮಾಡೋಣವೆಂದರೆ ಒಂದು ಮಾತೂ ಹೊರಡಲಿಲ್ಲ. ಬಾಯಿ ಒಣಗಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು. ಕರ್ತನೇ ಎನ್ನಲೂ ಆಗಲಿಲ್ಲ.

ಆಗ ನನ್ನ ಬಾಯಿಂದ ಬಂದ ಮಾತು ನಾನು ಯೋಚಿಸಿ ಆಡಿದ್ದಲ್ಲ. ಅದನ್ನು ದೇವರ ಮುಂದೆ ಇವತ್ತಿಗೂ ಹೇಳಬಲ್ಲೆ. ದಿನಾ ಸಾಯಂಕಾಲ ಹೇಳುವ ಹಾಗೆಯೇ, ಅದೇ ದನಿಯಲ್ಲಿ, "ಪಾಪು, ಸತ್ಯವೇದ ಓದೋಣ. ಕೂತ್ಕೊ. ಕೈ ಮುಗಿ," ಎಂದೆ.

ಇಲ್ಲಿ ನಮ್ಮ ಮನೆಯ ಪದ್ಧತಿ ಹೇಳಬೇಕು. ನಮ್ಮ ಮಾವನವರು ಹಳ್ಳಿಗಳಲ್ಲಿ ಉಪದೇಶಿಯಾಗಿದ್ದವರು. ಅವರು ತೀರಿಕೊಂಡ ಮೇಲೆ ಅತ್ತೆಗೆ ಓದಿ ಹೇಳುವವರಿಲ್ಲ; ಅವರಿಗೆ ಅಕ್ಷರ ಬರುವುದಿಲ್ಲ. ನಾನು ಸೊಸೆಯಾಗಿ ಬಂದ ಮೊದಲ ದಿನದಿಂದಲೂ ಪ್ರತಿ ಸಾಯಂಕಾಲ ಗಟ್ಟಿಯಾಗಿ ಓದುವುದು ನನ್ನ ಕೆಲಸವಾಯಿತು. ಬೇಕಾದ ಅಧ್ಯಾಯ ಆರಿಸಿಕೊಳ್ಳುವಂತಿಲ್ಲ. ವಂಶಾವಳಿ ಬಂದರೆ ವಂಶಾವಳಿ, ದೇವರ ಗುಡಾರದ ಅಳತೆ ಬಂದರೆ ಅಳತೆ. ನಾನು ಎಂದಾದರೂ ಹಾಳೆ ಹಾರಿಸಿದರೆ ಅತ್ತೆಗೆ ಹೇಗೋ ತಿಳಿದುಬಿಡುತ್ತಿತ್ತು. "ಆಮೆನ್ ಅನ್ನೋವರ್ಗೂ ದೇವರು ಮಾತಾಡ್ತಾ ಇರ್ತಾನೆ, ಮಧ್ಯೆ ಏಳ್ಬಾರ್ದು," ಎಂದು ಅವರು ಪ್ರೇಮಳಿಗೆ ಕಲಿಸಿದ್ದರು. ಮಗು ಕೂರಲು ಕಲಿತಾಗಿನಿಂದ ಹಾಗೇ ಬೆಳೆದಿತ್ತು. ಓದಲು ಶುರುಮಾಡಿದರೆ ಕೂರಬೇಕು. ಆಮೆನ್ ಎಂದರೆ ಏಳಬೇಕು.

ಅಂಚಿನಲ್ಲಿ ಕಾಣುತ್ತಿದ್ದ ತಲೆ ಮರೆಯಾಯಿತು. ಕೂತಳೇ? ಎದ್ದು ಹೋದಳೇ? ನನಗೆ ಕಾಣುವಂತಿರಲಿಲ್ಲ. ಕುರುಬನು ಕುರಿಗಳನ್ನು ಕಾಯುವ ಆ ಕೀರ್ತನೆಯಿಂದ ಶುರುಮಾಡಿದೆ. ಅದು ಬೇಗ ಮುಗಿಯಿತು. ಬಾಯಿ ಅಭ್ಯಾಸದಂತೆ ಆಮೆನ್ ಎನ್ನಲು ಹೋಗಿತ್ತು; ನಾಲಿಗೆ ಕಚ್ಚಿಕೊಂಡೆ. ಆಮೆನ್ ಅಂದರೆ ಮಗು ಏಳುತ್ತದೆ. ನಿಲ್ಲಿಸಿದರೂ ಏಳುತ್ತದೆ. ಉಸಿರು ತೆಗೆದುಕೊಳ್ಳುವಷ್ಟು ಬಿಡುವು ಮಾತ್ರ ನನಗಿದ್ದದ್ದು. ಬೆಟ್ಟಗಳ ಕಡೆ ಕಣ್ಣೆತ್ತುವ ಕೀರ್ತನೆ, ಆಮೇಲೆ ಮತ್ತೊಂದು, ಮಗದೊಂದು. ಪುಸ್ತಕ ಕೈಯಲ್ಲಿಲ್ಲ. ಆದರೂ ಒಂದು ವಾಕ್ಯ ಮುಗಿಯುವಷ್ಟರಲ್ಲಿ ಮುಂದಿನದು ನಾಲಿಗೆಯ ಮೇಲೆ ಬಂದು ನಿಂತಿರುತ್ತಿತ್ತು. ಬಾಯಿಪಾಠ ಮಾಡಿದವಳಲ್ಲ ನಾನು. ವರ್ಷಗಟ್ಟಲೆ ಗಟ್ಟಿಯಾಗಿ ಓದಿದ್ದು ನನಗೆ ತಿಳಿಯದ ಹಾಗೆ ಒಳಗೆ ಇಳಿದಿತ್ತು. ಕೀರ್ತನೆಗಳು ತಡವರಿಸಿದಾಗ ಆ ವಂಶಾವಳಿಯೇ ಕೈಹಿಡಿಯಿತು. ಇವನು ಅವನನ್ನು ಪಡೆದನು, ಅವನು ಇನ್ನೊಬ್ಬನನ್ನು ಪಡೆದನು ಎಂದು ಹೇಳುತ್ತ ಹೋದೆ. ಒಂದೆರಡು ತಲೆಮಾರು ಬಿಟ್ಟುಹೋಗಿರಬಹುದು, ದೇವರು ಕ್ಷಮಿಸಿದ್ದಾನೆ.

ಮೇಲಿನಿಂದ ಆಗೀಗ ಒಂದು ಸಣ್ಣ ಕೆಮ್ಮು ಕೇಳುತ್ತಿತ್ತು. ಅದು ಕೇಳಿದಾಗ ನನಗೆ ಜೀವ ಬರುತ್ತಿತ್ತು. ಕೇಳದೆ ಹೋದಾಗ ಬೆವರುತ್ತಿದ್ದೆ, ಆ ತಣ್ಣನೆಯ ನೀರಿನಲ್ಲಿಯೂ.

ಅಣ್ಣಂದಿರು ತಮ್ಮನನ್ನು ಗುಂಡಿಗೆ ತಳ್ಳುವ ಕಥೆ ಹೇಳುತ್ತಿದ್ದಾಗ ಎದುರಿನ ಗೋಡೆಯ ಸಂದಿಯಿಂದ ಒಂದು ಹಾವು ನೀರಿಗಿಳಿಯಿತು. ನೀರುಹಾವೋ, ವಿಷದ್ದೋ ಕಾಣೆ. ತಲೆಯೆತ್ತಿಕೊಂಡು ನನ್ನ ತೋಳಿನ ಪಕ್ಕದಲ್ಲೇ ಈಜಿಕೊಂಡು ಹೋಯಿತು. ಚೀರಲು ಬಾಯಿ ತೆರೆದಿತ್ತು. ತೆರೆದ ಬಾಯಿಯಿಂದ ಕಥೆಯ ಮುಂದಿನ ಮಾತೇ ಬಂದಿತು. ದನಿ ನಡುಗಲಿಲ್ಲ. ಅದು ನನ್ನ ಧೈರ್ಯವಲ್ಲ, ಸಹೋದರಿಯರೇ. ನನ್ನ ಧೈರ್ಯವೆಲ್ಲ ಬಿದ್ದಾಗಲೇ ಹೋಗಿತ್ತು.

ಎಷ್ಟು ಹೊತ್ತು ಓದಿದೆನೋ ಗೊತ್ತಿಲ್ಲ. ಬಿಸಿಲು ಬಾವಿಯ ಗೋಡೆ ಹತ್ತಿ ಮೇಲಕ್ಕೆ ಹೋಯಿತು. ಗಂಟಲು ಹರಿದಂತಾಗಿ ದನಿ ಕೀರಲಾಗಿತ್ತು. ಆ ಪಾಚಿ ನೀರನ್ನೇ ಒಂದು ಗುಕ್ಕು ಕುಡಿದು ಮುಂದುವರಿಸಿದೆ. ಆಗ ಮೇಲೆ ದನದ ಕೊರಳಗಂಟೆ ಕೇಳಿಸಿತು. ಒಬ್ಬ ಹೆಂಗಸಿನ ದನಿ, ಹೆದರಿದ ದನಿ.

"ಯಾರವ್ವಾ ಅದು? ಬಾವಿವೊಳ್ಗೆ ಯಾರು?"

ಆಮೇಲೆ ತಿಳಿಯಿತು, ಆಕೆ ಕತ್ರಿಗುಪ್ಪೆಯ ಪಿಳ್ಳಮ್ಮ. ಹಸು ಮೇಯಿಸಿಕೊಂಡು ಬಂದವರು. ಕೂಗಿಕೊಳ್ಳಬೇಕೆಂದು ಇಡೀ ಮೈ ಹಾತೊರೆಯಿತು. ಆದರೆ ಕೂಗಿದರೆ ಪಾಠ ನಿಲ್ಲುತ್ತದೆ. ಓದುವ ರಾಗದಲ್ಲಿಯೇ, ಏರಿಳಿತ ಬದಲಿಸದೆ ಹೇಳಿದೆ: "ಅವ್ವಾ, ಕಾಲು ಮುರ್ದು ಬಿದ್ದಿದೀನಿ. ನನ್ನ ಬಿಡಿ. ಮೊದಲು ಮಗೂನ ಹಿಡ್ಕೊಳಿ."

ಅದನ್ನೂ ಯಾವುದೋ ಪುರಾಣದ ಮಾತೆಂದುಕೊಂಡರಂತೆ ಆಕೆ. ಮತ್ತೊಮ್ಮೆ ಹೇಳಿದೆ. ಹೆಜ್ಜೆ ಸಪ್ಪಳ ಹತ್ತಿರವಾಯಿತು. ಅಷ್ಟರಲ್ಲಿ ಪ್ರೇಮ ಅಳುವ ದನಿ ತೆಗೆದಳು. ಅವಳಿಗೆ ಹೊಸಬರೆಂದರೆ ಭಯ. ಹೊಸಬರು ಬಂದರೆ ನನ್ನ ಸೆರಗಿಗೆ ಓಡಿಬರುವ ಮಗು. ನಾನಿದ್ದದ್ದು ಬಾವಿಯಲ್ಲಿ. ಅಂಚಿನಿಂದ ಮಣ್ಣು ದಳದಳ ಉದುರಿತು.

"ಅಯ್ಯೋ, ಮಗು ಹಿಂದಿಂದಕ್ಕೆ ಹೋಯ್ತದೆ ಕಣವ್ವಾ!" ಎಂದು ಆಕೆ ಕೂಗಿದರು.

"ಅವ್ವಾ, ಹತ್ರ ಬರ್ಬೇಡಿ. ಅಲ್ಲೇ ಕೂತ್ಕೊಳಿ. ನೀವೂ ಕೈ ಮುಗೀರಿ," ಎಂದೆ. ನಮ್ಮ ಮನೆಗೆ ಯಾರು ಬಂದರೂ ಓದುವಾಗ ಹಾಗೆ ಕೂರುತ್ತಿದ್ದರು. ಕೈ ಮುಗಿದು ಕೂತವರನ್ನು ಕಂಡರೆ ಮಗು ಹೆದರುತ್ತಿರಲಿಲ್ಲ. ಮತ್ತೆ ಕುರುಬನ ಕೀರ್ತನೆಯನ್ನೇ ಹಿಡಿದೆ. ಕತ್ತಲೆಯ ಕಣಿವೆಯಲ್ಲಿ ನಡೆಯುವ ಮಾತು ಬಂದಾಗ ಮೇಲೆ ಸದ್ದೆಲ್ಲ ನಿಂತಿತ್ತು. ಮಗುವಿನ ಅಳುವಿಲ್ಲ, ಗಂಟೆಯಿಲ್ಲ. ಆ ಮೌನ ಹಾವಿಗಿಂತ ಭಯಂಕರವಾಗಿತ್ತು. ಮಗು ಇದೆಯೋ ಇಲ್ಲವೋ ತಿಳಿಯದೆ, ಕಣ್ಣು ಮುಚ್ಚಿಕೊಂಡು, ಒಂದೊಂದೇ ಮಾತನ್ನು ಮೇಲಕ್ಕೆ ಎತ್ತಿ ಕಳಿಸಿದೆ.

"ಸಿಕ್ಬುಡ್ತು ಕಣವ್ವಾ! ಮಗು ನನ್ ಮಡ್ಲಾಗವ್ಳೆ!"

ಪಿಳ್ಳಮ್ಮ ಕೈ ಮುಗಿದುಕೊಂಡೇ ಕೂತಲ್ಲಿಂದ ತೆವಳಿ ತೆವಳಿ ಬಂದು ಅವಳ ಲಂಗ ಹಿಡಿದಿದ್ದರು. ಓದು ನಿಂತಿತು. ಮೇಲಿನಿಂದ ನನ್ನ ಮಗಳೇ, "ಆಮೆನ್ ಅನ್ನು ಅಮ್ಮಾ," ಎಂದಳು. ಅಂದೆ. ಆಮೇಲೆ ಬೇರು ಹಿಡಿದುಕೊಂಡು ಜೋರಾಗಿ ಅತ್ತೆ.

ಪಿಳ್ಳಮ್ಮ ಮಗುವನ್ನು ಎತ್ತಿಕೊಂಡೇ ಊರಿಗೆ ಓಡಿ ಜನರನ್ನು ಕರೆತಂದರು. ಹಗ್ಗ ಬಿಟ್ಟು ಇಬ್ಬರು ಇಳಿದು ನನ್ನನ್ನು ಎತ್ತಿದರು. ಎತ್ತಿನ ಗಾಡಿಯಲ್ಲಿ ರಸ್ತೆಯವರೆಗೆ, ಅಲ್ಲಿಂದ ಜಟಕಾದಲ್ಲಿ ಆಸ್ಪತ್ರೆಗೆ. ಎರಡು ಕಡೆ ಮೂಳೆ ಮುರಿದಿದೆಯೆಂದು ಪ್ಲಾಸ್ಟರ್ ಕಟ್ಟು ಹಾಕಿದರು. ಕೆಟ್ಟ ನೀರು ಕುಡಿದದ್ದಕ್ಕೆ ಜ್ವರ ಬಂದು ವಾರ್ಡಿನಲ್ಲಿ ಬಹಳ ದಿನ ಮಲಗಿದ್ದೆ. ಯಜಮಾನರು ಕಾರ್ಖಾನೆಯ ಎಣ್ಣೆ ಬಟ್ಟೆಯಲ್ಲೇ ಓಡಿಬಂದು ಮಂಚದ ಪಕ್ಕ ನಿಂತು ನನ್ನ ಪಾದ ಮುಟ್ಟಿ ಮುಟ್ಟಿ ನೋಡಿದರು.

ಪಿಳ್ಳಮ್ಮ ಒಂದು ದಿನ ಬಸ್ಸು ಹತ್ತಿ ನೋಡಲು ಬಂದರು. "ನಿಮ್ಮ ದನಿ ಕೇಳ್ದಾಗ ಓಡೋಗ್ಬೇಕು ಅಂತಾನೇ ಇದ್ದೆ ಕಣವ್ವ," ಎಂದರು. "ಆ ಬಾವೀಲಿ ಗಾಳಿ ಅದೆ ಅಂತಾರೆ ನಮ್ ಕಡೆ. ಆದ್ರೆ ಗಾಳಿ ಆಗಿದ್ರೆ ಇಷ್ಟೊತ್ತು ದೇವರ ಮಾತು ಆಡ್ತದಾ ಅನ್ನಿಸ್ತು. ಅದ್ಕೇ ನಿಂತ್ಕಂಡೆ."

ಅವರು ಬೇರೆ ದೇವರಿಗೆ ಕೈ ಮುಗಿಯುವವರು. ನನ್ನ ಪಾಲಿಗೆ ಕರ್ತನು ಕಳಿಸಿದವರು ಅವರೇ. ಈಗಲೂ ಕ್ರಿಸ್‌ಮಸ್ಸಿಗೆ ಅವರಿಲ್ಲದೆ ನಮ್ಮ ಮನೆಯಲ್ಲಿ ಎಲೆ ಹಾಕುವುದಿಲ್ಲ.

ಭಯ ಪೂರ್ತಿ ಹೋಗಿದೆಯೆಂದು ಸುಳ್ಳು ಹೇಳಲಾರೆ. ಮಗು ಒಂದು ಕ್ಷಣ ಕಣ್ಮರೆಯಾದರೆ ಎದೆ ಈಗಲೂ ಹೊಡೆದುಕೊಳ್ಳುತ್ತದೆ. ಆದರೆ ಆ ಬಾವಿಯಲ್ಲಿ ಒಂದು ಸಂಗತಿ ಕಲಿತೆ. ಆಪತ್ತು ಬಂದಾಗ ಪುಸ್ತಕ ತೆರೆಯಲು ಯಾರೂ ಬಿಡುವು ಕೊಡುವುದಿಲ್ಲ. ನನ್ನ ಪ್ರಾರ್ಥನೆ ಬಾಯಲ್ಲೇ ಒಣಗಿದಾಗ, ಬೇಸರವಿದ್ದ ದಿನವೂ ಆಯಾಸವಿದ್ದ ದಿನವೂ ತಪ್ಪದೆ ಓದಿದ ಮಾತುಗಳಿಂದಲೇ ದೇವರು ನನಗೆ ಸಹಾಯ ಮಾಡಿದನು. ನಾನು ಕೇಳುವುದಕ್ಕೆ ವರ್ಷಗಳ ಮುಂಚೆಯೇ ಉತ್ತರ ಕೊಡಲು ಶುರುಮಾಡಿದ್ದನು. ಆತನಿಗೆ ಸ್ತೋತ್ರ.

ಆದ್ದರಿಂದ ನಿಮ್ಮಲ್ಲಿ ನನ್ನ ಬೇಡಿಕೆ ಒಂದೇ. ದಿನಾ ಓದಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಗಟ್ಟಿಯಾಗಿ ಓದಿ.